ಸೈನಿಕರ ಮನೆಯ ಕಾಗದದ ಕಟ್ಟು

ಹೊಸೂರು, ತಳಿ, ಬಾಗಲೂರು, ಬೇರಿಕೆ ಕಡೆಯ ಹುಡುಗರು ಸೈನ್ಯಕ್ಕೆ ಸೇರಿದರೆ ಕೆಲವು ವರ್ಷಕ್ಕೊಮ್ಮೆ ವರ್ಗ ಇದ್ದದ್ದೇ. ಗಂಡನಿಗೆ ಶಾಂತಿಯ ಠಾಣೆ ಸಿಕ್ಕಿ ಕ್ವಾರ್ಟರ್ಸ್ ದೊರೆತರೆ ಹೆಂಡತಿ ಮಕ್ಕಳು ಜೊತೆಗೆ ಹೋಗುತ್ತಾರೆ. ಗಡಿ ಠಾಣೆಗೆ ವರ್ಗವಾದರೆ ಸಂಸಾರ ಮತ್ತೆ ಊರಿಗೆ ಬರಬೇಕಾಗುತ್ತದೆ. ಪಾತ್ರೆ ಪರಡಿ ಹಾಕಿದ ಲಾರಿ ಎರಡು ದಿನ ತಡವಾದರೆ ಪಕ್ಕದ ಮನೆಯಿಂದ ಸಾಲ ತಂದು ಅಡಿಗೆ ಮಾಡಬಹುದು. ಕಾಗದ ಕಳೆದರೆ ಸಾಲ ಕೊಡುವವರು ಯಾರೂ ಇಲ್ಲ.

ಮೊದಲು ನೋಡಬೇಕಾದದ್ದು ಹೆಸರು. ನಮ್ಮ ಗಡಿಯಲ್ಲಿ ಇದೇ ದೊಡ್ಡ ತೊಡಕು. ಮನೆಯ ಸೊಸೆಯ ಹೆಸರು ಗೌರಮ್ಮ ಎಂದಿಟ್ಟುಕೊಳ್ಳಿ. ತಮಿಳಿನಲ್ಲಿ 'ಕ'ಗೂ 'ಗ'ಗೂ ಒಂದೇ ಅಕ್ಷರ. ತಮಿಳು ಕಾಗದದಿಂದ ಇಂಗ್ಲಿಷಿಗೆ ಇಳಿಸುವಾಗ ಆಕೆ 'ಕೌರಮ್ಮ' ಆಗಿಬಿಡಬಹುದು. ಮದುವೆಗೆ ಮೊದಲು ತಂದೆಯ ಇನಿಶಿಯಲ್, ಆಮೇಲೆ ಗಂಡನದು. ಊರಿನಲ್ಲಿ ಎಲ್ಲರಿಗೂ ಆಕೆ ಒಬ್ಬಳೇ. ಕಚೇರಿಯ ಮೇಜಿನ ಮೇಲೆ ಮೂವರು. ಆದುದರಿಂದ ಆಧಾರ್, ಬ್ಯಾಂಕ್ ಪಾಸ್‌ಬುಕ್, ಮದುವೆಯ ದಾಖಲೆ, ಸೈನ್ಯದ ದಾಖಲೆ, ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿರಿ.

ಎರಡನೆಯದು ಜಿಲ್ಲೆ. ನಮ್ಮ ಸೀಮೆ 1965ರವರೆಗೆ ಸೇಲಂ ಜಿಲ್ಲೆ, ಆಮೇಲೆ ಧರ್ಮಪುರಿ, 2004ರ ಫೆಬ್ರವರಿಯಿಂದ ಕೃಷ್ಣಗಿರಿ. 2000ದಲ್ಲಿ ಸೇರಿದವರ ದಾಖಲೆಯಲ್ಲಿ ಧರ್ಮಪುರಿ ಎಂದೇ ಇರಬಹುದು. ಅದು ತಪ್ಪಲ್ಲ. ಆದರೆ ದೂರದ ಗುಮಾಸ್ತನಿಗೆ ಇದು ತಿಳಿಯದು. ಈಗಿನ ವಿಳಾಸವನ್ನು ಯೂನಿಟ್ಟಿನ ಮೂಲಕ ಬರೆಸಿಡುವುದು ಲೇಸು.

ಮೂರನೆಯದು ಬಹಳ ಮುಖ್ಯ. ಮದುವೆಯಾದಾಗ, ಮಗು ಹುಟ್ಟಿದಾಗ ಯೂನಿಟ್ಟಿನಲ್ಲಿ 'ಪಾರ್ಟ್ ಟೂ ಆರ್ಡರ್' ಹೊರಡಿಸುತ್ತಾರೆ. ಅದು ರೆಕಾರ್ಡ್ಸ್ ಕಚೇರಿಗೆ ಸೇರುತ್ತದೆ. ಮದ್ರಾಸ್ ರೆಜಿಮೆಂಟಿನವರಿಗೆ ಅದು ವೆಲ್ಲಿಂಗ್ಟನ್‌ನಲ್ಲಿ, ಮದ್ರಾಸ್ ಎಂಜಿನಿಯರ್ ಗ್ರೂಪಿನವರಿಗೆ ಬೆಂಗಳೂರಿನಲ್ಲಿ ಇದೆ. ಯೋಧನಿಗೆ ಏನಾದರೂ ಆದ ದಿನ ಕುಟುಂಬ ಪಿಂಚಣಿಗೆ ನೋಡುವುದು ಈ ದಾಖಲೆಯನ್ನೇ. ಅದರಲ್ಲಿ ಹೆಂಡತಿಯ ಹೆಸರಿಲ್ಲದಿದ್ದರೆ ಆಕೆ ದುಃಖದ ನಡುವೆ ತಾನು ಹೆಂಡತಿ ಎಂದು ರುಜುವಾತು ಮಾಡುತ್ತಾ ಅಲೆಯಬೇಕು. ಅಮ್ಮಂದಿರೆ, ಆ ಆದೇಶದ ನಕಲನ್ನು ಸಂಕೋಚವಿಲ್ಲದೆ ಕೇಳಿ ಪಡೆಯಿರಿ. ಗುಂಪು ವಿಮೆಗೂ ಭವಿಷ್ಯ ನಿಧಿಗೂ ನಾಮಿನಿ ಯಾರೆಂದು ತಿಳಿದುಕೊಳ್ಳಿರಿ. ಮದುವೆಗೆ ಮುಂಚೆ ತಾಯಿಯ ಹೆಸರು ಕೊಟ್ಟು, ಆಮೇಲೆ ಮರೆತವರು ಉಂಟು.

ಇನ್ನು ಕಟ್ಟು ಕಟ್ಟುವ ಬಗೆ. ಮೂರು ಲಕೋಟೆ ಸಾಕು.

ಒಂದರಲ್ಲಿ ಸೈನ್ಯದ ಕಾಗದ: ಅವಲಂಬಿತರ ಗುರುತು ಚೀಟಿ, ಪಾರ್ಟ್ ಟೂ ಆರ್ಡರಿನ ನಕಲು, ಸಾಮಾನು ಸಾಗಿಸಿದ ರಸೀತಿ. ರಸೀತಿ ಇಲ್ಲದಿದ್ದರೆ ಸಾಗಣೆ ಹಣ ಕೇಳುವುದು ಕಷ್ಟ.

ಎರಡನೆಯದರಲ್ಲಿ ಮಕ್ಕಳದು: ಟಿ.ಸಿ., ಅಂಕಪಟ್ಟಿ, ಲಸಿಕೆ ಚೀಟಿ, ಜನನ ಪತ್ರ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನಕ್ಕೆ ಜನನ ಪತ್ರವೇ ಪುರಾವೆ. ಜನನವನ್ನು ಹುಟ್ಟಿದ ಊರಿನಲ್ಲೇ, 21 ದಿನದೊಳಗೆ ನೋಂದಾಯಿಸಬೇಕು. ಮಗು ಪಠಾಣಕೋಟೆಯಲ್ಲಿ ಹುಟ್ಟಿದರೆ ಹೊಸೂರಿನಲ್ಲಿ ಪತ್ರ ಸಿಗದು. ಅಲ್ಲಿಂದ ಹೊರಡುವ ಮೊದಲೇ ಪಡೆಯಿರಿ. ಜಾತಿ ಪತ್ರವನ್ನು ತಮಿಳುನಾಡಿನ ತಹಸೀಲ್ದಾರರಿಂದ ಪಡೆದಿದ್ದರೆ, ಕನ್ನಡ ಮಾತಾಡುತ್ತೇವೆಂದ ಮಾತ್ರಕ್ಕೆ ಕರ್ನಾಟಕದ ಮೀಸಲಾತಿ ದೊರೆಯುವುದಿಲ್ಲ ಎಂಬುದೂ ನೆನಪಿರಲಿ.

ಮೂರನೆಯದರಲ್ಲಿ ಹಣದ್ದು: ಪಾಸ್‌ಬುಕ್, ವಿಮೆ, ಠೇವಣಿ ರಸೀತಿ, ಗ್ಯಾಸ್ ಪುಸ್ತಕ. ಬ್ಯಾಂಕಿನಲ್ಲಿ ದುಡಿದವನಾಗಿ ಎರಡು ಮಾತು. ಗಂಡ ಹೆಂಡತಿಯ ಖಾತೆ ಜಂಟಿಯಾಗಿರಲಿ. ಇಬ್ಬರಲ್ಲಿ ಯಾರಾದರೂ, ಅಥವಾ ಉಳಿದವರು ವ್ಯವಹರಿಸಬಹುದು ಎಂದು ಬರೆಸಿರಿ. ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆಯುವವರು. ಹಣದ ಹಕ್ಕು ವಾರಸುದಾರರದು. ಇದನ್ನು ತಿಳಿಯದೆ ಅಣ್ಣತಮ್ಮಂದಿರ ನಡುವೆ ಮನಸ್ತಾಪ ಬರುತ್ತದೆ. ಬ್ಯಾಂಕಿಗೂ ಆಧಾರಿಗೂ ಕೊಟ್ಟ ಮೊಬೈಲ್ ನಂಬರನ್ನು ಊರು ಬದಲಾದರೂ ಬಿಡಬೇಡಿ.

ಹೊಲದ ಪಟ್ಟಾ, ಕ್ರಯಪತ್ರದ ಮೂಲ ಪ್ರತಿ ಊರೂರು ಸುತ್ತಬಾರದು. ಬ್ಯಾಂಕಿನ ಲಾಕರಿನಲ್ಲೋ, ನಂಬಿಕೆಯ ಹಿರಿಯರ ಬಳಿಯೋ ಇರಲಿ. ನಿಮ್ಮ ಹತ್ತಿರ ಜೆರಾಕ್ಸ್ ಸಾಕು. ಮಿಕ್ಕ ಮೂಲ ಪ್ರತಿಗಳನ್ನು ಲಾರಿಗೆ ಹಾಕದೆ ಕೈಚೀಲದಲ್ಲಿ ಒಯ್ಯಿರಿ. ಒಂದು ಜೆರಾಕ್ಸ್ ಕಟ್ಟು ಅತ್ತೆ ಮಾವನ ಮನೆಯಲ್ಲಿರಲಿ. ಯಾವುದು ಎಲ್ಲಿದೆ ಎಂಬ ಪಟ್ಟಿಯನ್ನು ಮನೆಯವರು ಓದಬಲ್ಲ ಭಾಷೆಯಲ್ಲೇ ಬರೆದು ಮೇಲಿಡಿ.

ಅನುಮಾನ ಬಂದರೆ ಜಿಲ್ಲೆಯ ಮಾಜಿ ಸೈನಿಕರ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಬಹುದು. ಮಗ ರಜಕ್ಕೆ ಬಂದಾಗ ಹಬ್ಬದೂಟದ ಜೊತೆಗೆ ಒಂದು ಸಂಜೆ ಈ ಕೆಲಸಕ್ಕೂ ಮೀಸಲಿಡಿ. ಅವನು ಎದುರಿಗೆ ಕೂತಿರುವಾಗ ಕೇಳಿ ತಿದ್ದಿಸಿಕೊಳ್ಳುವುದು ಸುಲಭ.