ಗೇರ್ ಬೇಕೋ, ಬೆಲ್ಟ್ ಸಾಕೋ?

ಹೋದ ವರ್ಷ ಬೇಸಿಗೆ ರಜೆ ಶುರುವಾಗುವ ಮುಂಚೆ ಸಕಲೇಶಪುರದಿಂದ ಅಕ್ಕ ಫೋನ್ ಮಾಡಿದಳು. "ನಿಮ್ಮ ಭಾವ ಅದೇನೋ ನಾಲ್ಕು ಚಕ್ರದ ಬೈಕ್ ತಗೋತಾರಂತೆ ಕಣೋ. ಗೇರಿಂದು ತಗೊಳ್ಳೋದಾ, ಗೇರಿಲ್ಲದ್ದಾ ಅಂತ ಮೂರು ದಿನದಿಂದ ನನ್ನ ತಲೆ ತಿಂತಿದ್ದಾರೆ. ನೀನು ಇಪ್ಪತ್ತು ವರ್ಷದಿಂದ ಗೇರ್ ಮಾಡೋನು. ನೀನೇ ಹೇಳಪ್ಪ."

ಗೇರ್ ಮಾಡುವವನು ಎನ್ನುವುದು ನಿಜ. ನಮ್ಮ ಮನೆ ಟಿ. ದಾಸರಹಳ್ಳಿಯಲ್ಲಿ, ಕೆಲಸ ಪಕ್ಕದ ಪೀಣ್ಯದಲ್ಲಿ. ದುಂಡಗಿನ ಉಕ್ಕಿನ ಬಿಲ್ಲೆಯನ್ನು ಹಾಬಿಂಗ್ ಮೆಷೀನಿಗೆ ಕೊಟ್ಟು ಹಲ್ಲು ಕಡಿಯುವುದು ನನ್ನ ಉದ್ಯೋಗ. ಹಾಗಾಗಿ ಯೋಚನೆಯನ್ನೇ ಮಾಡದೆ, "ಗೇರಿಂದೇ ತಗೊಳ್ಳೋಕೆ ಹೇಳಕ್ಕ, ಬೆಲ್ಟ್ ಗಿಲ್ಟ್ ಎಲ್ಲ ಆ ಮಲೆನಾಡಿನ ಮಳೆಗೆ ಆಗಲ್ಲ" ಎಂದುಬಿಟ್ಟೆ.

ಪಕ್ಕದಲ್ಲಿ ಕೂತಿದ್ದ ಒಂಬತ್ತನೇ ಕ್ಲಾಸಿನ ಮಗ ಕೇಳಿದ: "ಅಮ್ಮನ ಸ್ಕೂಟರ್‌ನಲ್ಲೂ ಗೇರ್ ಇಲ್ವಲ್ಲಪ್ಪಾ. ಅದು ಮಳೇಲಿ ಓಡಲ್ವಾ?"

ಉತ್ತರ ಬಾಯಿಗೆ ಬರಲಿಲ್ಲ. ಈ ಲೇಖನ ಹುಟ್ಟಿದ್ದೇ ಆ ಪ್ರಶ್ನೆಯಿಂದ.

ಭಾವ ಕೊಳ್ಳಲು ಹೊರಟಿದ್ದ ಗಾಡಿಯ ಹೆಸರು ಆಲ್ ಟೆರೇನ್ ವೆಹಿಕಲ್, ಚಿಕ್ಕದಾಗಿ ಎಟಿವಿ. ರೆಸಾರ್ಟುಗಳಲ್ಲಿ ನೀವು ನೋಡಿರುತ್ತೀರಿ: ಬೈಕಿನಂಥ ಸೀಟು, ಬೈಕಿನಂಥ ಹ್ಯಾಂಡಲ್, ಕೆಳಗೆ ಬಲೂನಿನಂತೆ ಉಬ್ಬಿದ ನಾಲ್ಕು ದಪ್ಪ ಟೈರು. ನಮ್ಮಲ್ಲಿ ಇದನ್ನು ಆಟದ ಗಾಡಿ ಎಂದೇ ಕಂಡವರು ಹೆಚ್ಚು. ಆದರೆ ಹೊರದೇಶಗಳ ಹೊಲ, ತೋಟ, ಕುರಿ ಸಾಕಣೆ ಕೇಂದ್ರಗಳಲ್ಲಿ ಇದು ಕತ್ತೆಯಂತೆ ದುಡಿಯುತ್ತದೆ. ಹೋಂಡಾ ಕಂಪನಿ 1970ರಲ್ಲಿ ಮಾರುಕಟ್ಟೆಗೆ ತಂದ ಮೊದಲ ಮಾದರಿಗೆ ಇದ್ದದ್ದು ಮೂರೇ ಚಕ್ರ. ತಿರುವಿನಲ್ಲಿ ಅದು ಮಗುಚಿ ಬಿದ್ದು ಎಷ್ಟೋ ಜನ, ಅವರಲ್ಲಿ ಮಕ್ಕಳೂ, ಸತ್ತ ಮೇಲೆ 1988ರಲ್ಲಿ ಅಮೆರಿಕದಲ್ಲಿ ಮೂರು ಚಕ್ರದ ಹೊಸ ಗಾಡಿಗಳ ಮಾರಾಟವನ್ನೇ ನಿಲ್ಲಿಸಲಾಯಿತು. ಅಷ್ಟರಲ್ಲಿ ನಾಲ್ಕು ಚಕ್ರದವು ಬಂದಾಗಿತ್ತು.

ಭಾವನಿಗೆ ಇದು ಶೋಕಿಯಲ್ಲ. ವಯಸ್ಸು ಐವತ್ತೊಂಬತ್ತು. ತೋಟದ ಮೇಲ್ತುದಿಯಲ್ಲಿ ಮನೆ, ಕೆಳತುದಿಯಲ್ಲಿ ಹಳ್ಳ, ಹಳ್ಳದ ಪಕ್ಕ ಪಂಪ್‌ಸೆಟ್. ಗೊಬ್ಬರ, ಡೀಸೆಲ್ ಕ್ಯಾನು, ಕಸಿ ಕತ್ತರಿ ಎಲ್ಲ ಹೊತ್ತು ದಿನಕ್ಕೆ ನಾಲ್ಕು ಸಲ ಹತ್ತಿಳಿಯಬೇಕು. ಹಿಂದಿನ ಮಳೆಗಾಲದಲ್ಲಿ ಪಾಚಿ ಕಟ್ಟಿದ ಇಳಿಜಾರಿನಲ್ಲಿ ಬೈಕ್ ಜಾರಿ ಎಡ ಮಂಡಿ ಪೆಟ್ಟಾಗಿತ್ತು. ಬೈಕಿನ ಕೆಳಗೆ ಕಾಲು ಸಿಕ್ಕಿಕೊಂಡು ಆಳುಗಳು ಬರುವ ತನಕ ಮುಕ್ಕಾಲು ಗಂಟೆ ಮಳೆಯಲ್ಲೇ ಬಿದ್ದಿದ್ದರು. ಅಕ್ಕ ಆ ದಿನದ ಮಾತು ಎತ್ತಿದರೆ ಈಗಲೂ ಕಣ್ಣು ಒರೆಸಿಕೊಳ್ಳುತ್ತಾಳೆ.

ಭಾನುವಾರ ಮಗನನ್ನು ಕರೆದುಕೊಂಡು ನಮ್ಮ ಬೀದಿಯ ಸ್ಕೂಟರ್ ಮೆಕ್ಯಾನಿಕ್ ಹತ್ತಿರ ಹೋದೆ. ಒಂದು ಸ್ಕೂಟರಿನ ಎಡಬದಿಯ ಕವರ್ ಬಿಚ್ಚಿಟ್ಟಿದ್ದರು. ಇಪ್ಪತ್ತು ವರ್ಷ ಹಲ್ಲು ಕಡಿದ ನಾನು ಆ ಹಲ್ಲಿಲ್ಲದ ಯಂತ್ರದ ಮುಂದೆ ಸರಿಯಾಗಿ ಕುಕ್ಕರಗಾಲಲ್ಲಿ ಕೂತದ್ದು ಅದೇ ಮೊದಲು.

ಮೊದಲು ಗೇರ್ ಏನು ಮಾಡುತ್ತದೆ ನೋಡಿ. 16 ಹಲ್ಲಿನ ಚಿಕ್ಕ ಗೇರ್ 48 ಹಲ್ಲಿನ ದೊಡ್ಡ ಗೇರನ್ನು ತಿರುಗಿಸಿದರೆ, ಚಿಕ್ಕದು ಮೂರು ಸುತ್ತು ಬಂದಾಗ ದೊಡ್ಡದು ಒಂದೇ ಸುತ್ತು. ವೇಗ ಮೂರರಲ್ಲಿ ಒಂದು ಪಾಲಾಯಿತು, ತಿರುಗಿಸುವ ಬಲ ಹೆಚ್ಚುಕಡಿಮೆ ಮೂರು ಪಟ್ಟಾಯಿತು. ಏರು ಹತ್ತುವಾಗ ಬೇಕಾದದ್ದು ಈ ಬಲ, ಸಮತಟ್ಟಿನಲ್ಲಿ ಬೇಕಾದದ್ದು ವೇಗ. ಗೇರ್ ಸೈಕಲ್ ಇರುವ ಮಕ್ಕಳಿಗೆ ಇದನ್ನು ಕಾಲೇ ಕಲಿಸಿರುತ್ತದೆ. ಹಲ್ಲು ಹಲ್ಲಿಗೆ ಸರಿಯಾಗಿ ಕೂತರೆ ಒಂದು ಜೋಡಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಶಕ್ತಿಯೂ ನಷ್ಟವಾಗುವುದಿಲ್ಲ. (ನನ್ನ ವೃತ್ತಿಯ ಜಂಬ ಇರುವುದು ಇಲ್ಲೇ.)

ಗೇರಿಲ್ಲದ ಸ್ಕೂಟರ್ ಇದನ್ನೇ ಬೇರೆ ಬಗೆಯಲ್ಲಿ ಮಾಡುತ್ತದೆ. ಎರಡು ತಟ್ಟೆಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿದ್ದೀರಿ ಎಂದುಕೊಳ್ಳಿ. ನಡುವಿನ ಸಂದಿನಲ್ಲಿ ರಬ್ಬರ್ ಬೆಲ್ಟ್ ಕೂರುತ್ತದೆ. ಇದು ಇಂಜಿನ್ ಬದಿಯ ಪುಲ್ಲಿ. ನಿಧಾನದಲ್ಲಿ ತಟ್ಟೆಗಳು ದೂರ ಇರುತ್ತವೆ, ಬೆಲ್ಟ್ ಒಳಕ್ಕೆ ಇಳಿದು ಚಿಕ್ಕ ಸುತ್ತು ಸುತ್ತುತ್ತದೆ. ಅಂದರೆ ಚಿಕ್ಕ ಗೇರ್. ವೇಗ ಹೆಚ್ಚಿದಂತೆ ತಟ್ಟೆಯ ಹಿಂದಿರುವ ಆರು ಪುಟ್ಟ ರೋಲರುಗಳು, ಜಾತ್ರೆಯ ತಿರುಗುಕುದುರೆಯಲ್ಲಿ ಕೂತವರು ಹೊರಕ್ಕೆ ವಾಲುವ ಹಾಗೆ, ಅಂಚಿಗೆ ಸರಿಯುತ್ತವೆ. ಸರಿಯುತ್ತಾ ಒಂದು ತಟ್ಟೆಯನ್ನು ಇನ್ನೊಂದರ ಕಡೆಗೆ ಒತ್ತುತ್ತವೆ. ಸಂದು ಕಿರಿದಾಗಿ ಬೆಲ್ಟ್ ಮೇಲಕ್ಕೆ ಏರುತ್ತದೆ. ಈಗ ಅದೇ ಪುಲ್ಲಿ ದೊಡ್ಡ ಗೇರ್! ಬೆಲ್ಟಿನ ಉದ್ದ ಬದಲಾಗದು, ಆದ್ದರಿಂದ ಚಕ್ರದ ಬದಿಯ ಪುಲ್ಲಿಯಲ್ಲಿ ಇದಕ್ಕೆ ಸರಿಯಾಗಿ ಉಲ್ಟಾ ನಡೆಯುತ್ತದೆ. ಒಂದು, ಎರಡು, ಮೂರು ಎಂಬ ಮೆಟ್ಟಿಲುಗಳೇ ಇಲ್ಲ, ಜಾರುಬಂಡೆಯ ಹಾಗೆ ಒಂದೇ ಸಮ. ಇದಕ್ಕೆ ಸಿವಿಟಿ ಎನ್ನುತ್ತಾರೆ.

"ಅಂದ್ರೆ ಇದರಲ್ಲಿ ಲೆಕ್ಕ ಇಲ್ಲದಷ್ಟು ಗೇರ್ ಇದೆ" ಎಂದ ಮಗ. ಇಪ್ಪತ್ತು ವರ್ಷದ ಅನುಭವಕ್ಕೆ ಹೊಳೆಯದಿದ್ದ ಮಾತು.

ಈ ಬೆಲ್ಟ್ ನಿನ್ನೆ ಮೊನ್ನೆಯದಲ್ಲ. ಡಚ್ ಕಂಪನಿ ಡ್ಯಾಫ್ 1958ರಲ್ಲೇ ಕಾರಿಗೆ ಇದನ್ನು ಹಾಕಿ 'ವೇರಿಯೋಮ್ಯಾಟಿಕ್' ಎಂದು ಹೆಸರಿಟ್ಟಿತ್ತು. ನಮ್ಮಲ್ಲಿ 1980ರ ದಶಕದಲ್ಲಿ ಕೈನೆಟಿಕ್ ಹೋಂಡಾ ಸ್ಕೂಟರಿನೊಂದಿಗೆ ಮನೆಮಾತಾಯಿತು. ಅಮೆರಿಕದ ಪೊಲಾರಿಸ್ ಕಂಪನಿ 1985ರಲ್ಲಿ ಎಟಿವಿಗೂ ಹಾಕಿತು. ಇವತ್ತು ಮಾರುಕಟ್ಟೆಯಲ್ಲಿರುವ ದೊಡ್ಡ ಎಟಿವಿಗಳಲ್ಲಿ ಬಹುಪಾಲು ಬೆಲ್ಟಿನವೇ. ಗಾತ್ರ ದೊಡ್ಡದು, ತತ್ವ ನಮ್ಮ ಮನೆಯ ಸ್ಕೂಟರಿನದೇ.

ಗೇರಿನ ಎಟಿವಿಯಲ್ಲಿ ಎರಡು ಬಗೆ. ಒಂದು, ಬೈಕಿನ ಹಾಗೆ ಕೈಯಲ್ಲಿ ಕ್ಲಚ್, ಎಡಗಾಲಲ್ಲಿ ಗೇರ್. ಇನ್ನೊಂದು, ಕ್ಲಚ್ ಹಿಡಿಯೇ ಇಲ್ಲದೆ ಗೇರ್ ಮಾತ್ರ ಹಾಕುವುದು, ಹಿಂದೆ ಹೀರೋ ಹೋಂಡಾ ಸ್ಟ್ರೀಟ್ ಇತ್ತಲ್ಲ, ಹಾಗೆ. ನೂರಿಪ್ಪತ್ತೈದು ಸಿಸಿ ಒಳಗಿನ ಅಗ್ಗದ ಗಾಡಿಗಳಲ್ಲಿ ಈ ಎರಡನೆಯದು ಸಾಮಾನ್ಯ: ಮುಂದಕ್ಕೆ ಮೂರು ಗೇರ್, ಹಿಂದಕ್ಕೆ ಒಂದು.

ತುಮಕೂರು ರಸ್ತೆಯಾಚೆಯ ಒಂದು ಶೆಡ್ಡಿನಲ್ಲಿ ಹಳೆಯ ಗಾಡಿಗಳು ಮಾರಾಟಕ್ಕಿವೆ ಎಂದು ಯಾರೋ ಹೇಳಿದರು. ನೋಡಲು ಹೋದೆವು. ಒಂದು ಬೆಲ್ಟಿನ ಗಾಡಿ ಚೆನ್ನಾಗಿ ಕಂಡಿತು. "ಬೆಲ್ಟ್ ಹೊಸದು ಸಾರ್, ಹೋದ ತಿಂಗಳು ಹಾಕಿದ್ದು" ಎಂದರು. ಚಾಲೂ ಮಾಡಿ ಆಕ್ಸಲರೇಟರ್ ಕೊಟ್ಟರೆ ಗಾಡಿ ಹೊರಡುವಾಗ ಜಗ್ಗುತ್ತದೆ, ಸುಟ್ಟ ರಬ್ಬರಿನ ವಾಸನೆ ಬೇರೆ. ಕವರ್ ತೆಗೆಸಿದೆ. ಬೆಲ್ಟಿನ ಪಕ್ಕೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಒಂದು ಕಡೆ ಸವೆದು ಸೊಂಟದಂತೆ ಸಣ್ಣಗಾಗಿತ್ತು. ಏರಿನಲ್ಲಿ ಗಾಡಿ ಮುಂದಕ್ಕೆ ಹೋಗದಿದ್ದರೂ ಆಕ್ಸಲರೇಟರ್ ತಿರುವುತ್ತಲೇ ಇದ್ದಾಗ ಪುಲ್ಲಿ ಒಂದೇ ಜಾಗದಲ್ಲಿ ಬೆಲ್ಟನ್ನು ಉಜ್ಜಿ ಸುಡುತ್ತದೆ, ಆಗ ಹೀಗಾಗುತ್ತದೆ. ಹಳೆಯ ಗಾಡಿ ಕೊಳ್ಳುವವರು ಮೈಮೇಲಿನ ಪೇಂಟ್ ನೋಡುವುದಕ್ಕಿಂತ ಈ ಕವರ್ ತೆಗೆಸಿ ನೋಡುವುದು ಮೇಲು. ತೆಗೆಯಲು ಒಪ್ಪದವರ ಹತ್ತಿರ ವ್ಯಾಪಾರವೇ ಬೇಡ.

ಅಲ್ಲಿಗೆ ನನ್ನ ಗೇರಿನ ಪಕ್ಷಪಾತ ಮತ್ತೆ ಗಟ್ಟಿಯಾಯಿತು. ರಜೆಯಲ್ಲಿ ನೆಲಮಂಗಲ, ಕುಣಿಗಲ್, ಹಾಸನದ ಮೇಲೆ ಸಕಲೇಶಪುರ ತಲುಪುವ ತನಕ ಅದೇ ಗುಂಗು. ಭಾವ ಪಕ್ಕದ ಎಸ್ಟೇಟಿನಿಂದ ಒಂದು ಹಳೆಯ ಬೆಲ್ಟ್ ಗಾಡಿಯನ್ನೂ, ಪರಿಚಯದವರಿಂದ ಒಂದು ಚಿಕ್ಕ ಗೇರಿನ ಗಾಡಿಯನ್ನೂ ಒಂದು ದಿನದ ಮಟ್ಟಿಗೆ ತರಿಸಿಟ್ಟಿದ್ದರು.

ಗೇರಿನ ಗಾಡಿ ಹತ್ತುವುದರಲ್ಲಿ ಹುಲಿ. ಇಳಿಯುವಾಗ ಮೊದಲ ಗೇರಿನಲ್ಲಿಟ್ಟರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ಮುಟ್ಟುವುದೇ ಬೇಡ. ಹಳ್ಳದ ನೀರಿಗೆ ಅದರ ಕ್ಲಚ್ ಹೆದರುವುದಿಲ್ಲ, ಎಣ್ಣೆಯಲ್ಲೇ ಮುಳುಗಿರುತ್ತದೆ. ಕೈ ಕ್ಲಚ್ ಇರುವ ಗಾಡಿಯಾದರೆ ಬ್ಯಾಟರಿ ಸತ್ತರೂ ಇಳಿಜಾರಿನಲ್ಲಿ ಬಿಟ್ಟು ಚಾಲೂ ಮಾಡಬಹುದು. ಬೆಲ್ಟ್ ಗಾಡಿಯಲ್ಲಿ ಈ ಉಪಾಯ ನಡೆಯುವುದಿಲ್ಲ. ಇದೆಲ್ಲ ನಾನು ಭಾವನಿಗೆ ಉತ್ಸಾಹದಿಂದ ಹೇಳುತ್ತಿದ್ದೆ. ಆದರೆ ಅವರು ಹಳ್ಳಕ್ಕೆ ಹೋಗಿ ಬರುವಷ್ಟರಲ್ಲಿ ಗೇರ್ ಬದಲಿಸಿದ್ದನ್ನು ಮಗ ಎಣಿಸಿದ್ದ: ಇಪ್ಪತ್ತಮೂರು ಸಲ. ಪ್ರತಿ ಸಲವೂ ಎಡಗಾಲಿನಲ್ಲಿ. ಗಾಡಿಯಿಂದ ಇಳಿದವರು ಏನೂ ಹೇಳದೆ ಮಂಡಿ ನೀವಿಕೊಂಡು ಜಗಲಿಯ ಮೇಲೆ ಕೂತರು. ಕಾಫಿ ತಂದ ಅಕ್ಕ ಅವರ ಕಾಲನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

ಬೆಲ್ಟ್ ಗಾಡಿ ಅವರಿಗೆ ಹಗುರವಾಗಿತ್ತು. ಆದರೆ ಇಳಿಜಾರಿನಲ್ಲಿ ಹಿಂದೆ ನಡೆಯುತ್ತಿದ್ದ ನನ್ನ ಎದೆ ಒಮ್ಮೆ ಧಸಕ್ಕೆಂದಿತು. ಆಕ್ಸಲರೇಟರ್ ಪೂರ್ತಿ ಬಿಟ್ಟು ವೇಗ ಇಳಿದ ಕೂಡಲೆ ಅದರ ಕ್ಲಚ್ ಬಿಟ್ಟುಕೊಂಡು, ಗಾಡಿ ನ್ಯೂಟ್ರಲ್‌ಗೆ ಬಿದ್ದಂತೆ ಸರ್ರನೆ ಓಡತೊಡಗಿತು. ಭಾವ ಬ್ರೇಕ್ ಹಿಡಿದು ಕಾಫಿ ಗಿಡಕ್ಕೆ ತಾಗಿಸಿ ನಿಲ್ಲಿಸಿದರು. ಹಳೆಯ ಮಾದರಿಗಳ ದೊಡ್ಡ ದೋಷ ಇದೇ. ಈಚಿನ ಅನೇಕ ಮಾದರಿಗಳಲ್ಲಿ ಒಂದೇ ದಿಕ್ಕಿಗೆ ತಿರುಗುವ ಬೇರಿಂಗ್ ಸೇರಿಸಿ ಇದನ್ನು ಸರಿಪಡಿಸಿದ್ದಾರೆ. ಇಳಿಯುವಾಗ ಚಕ್ರ ಇಂಜಿನ್ನನ್ನು ತಿರುಗಿಸಬೇಕಾಗುತ್ತದೆ, ಗಾಡಿ ತಾನಾಗಿ ನಿಧಾನವಾಗುತ್ತದೆ. ಇದಕ್ಕೆ ಇಂಜಿನ್ ಬ್ರೇಕಿಂಗ್ ಎನ್ನುತ್ತಾರೆ. ಮಲೆನಾಡಿನವರು ಬೆಲ್ಟ್ ಗಾಡಿ ಕೊಳ್ಳುವುದಾದರೆ ಇದು ಇದೆಯೇ ಎಂದು ಮೊದಲು ಕೇಳಬೇಕು. ಎರಡನೆಯದಾಗಿ ಗೇರ್ ಹಿಡಿಯ ಮೇಲೆ 'ಎಲ್' ಎಂಬ ಅಕ್ಷರ, ಅಂದರೆ ಲೋ. ಹೊರೆ ಹೊತ್ತು ನಿಧಾನವಾಗಿ ಹತ್ತುವಾಗ ಅದರಲ್ಲಿಟ್ಟರೆ ಬೆಲ್ಟ್ ಸುಡುವುದಿಲ್ಲ. ಶೆಡ್ಡಿನಲ್ಲಿ ಕಂಡ ಬೆಲ್ಟನ್ನು ಕೊಂದವರು ಆ ಅಕ್ಷರವನ್ನು ಬಹುಶಃ ಒಮ್ಮೆಯೂ ಬಳಸಿರಲಿಲ್ಲ.

ಉಳಿದದ್ದು ರಿಪೇರಿಯ ಮಾತು. ನಾನು ಸಕಲೇಶಪುರ ಪೇಟೆಯಲ್ಲಿ ಒಬ್ಬ ಸ್ಕೂಟರ್ ಮೆಕ್ಯಾನಿಕ್ ಬಳಿ ಹೋಗಿ ಎಟಿವಿ ಬೆಲ್ಟ್ ಬದಲಿಸುತ್ತೀರಾ ಎಂದೆ. "ಬೆಲ್ಟ್ ನೀವು ತರಿಸ್ಕೊಡಿ, ಹಾಕೋದು ಸ್ಕೂಟರಿಂದೇ ಕೆಲಸ" ಎಂದರು. ಅದೇ ಎಟಿವಿಯ ಗೇರ್‌ಬಾಕ್ಸಿನಲ್ಲಿ ಒಂದು ಹಲ್ಲು ಮುರಿದರೆ ಇಂಜಿನ್ ಇಳಿಸಿ, ಬಿಚ್ಚಿ, ಬಿಡಿಭಾಗಕ್ಕೆ ಊರೂರು ಅಲೆಯಬೇಕು. ಪೀಣ್ಯದಲ್ಲಿ ನಾನೇ ಕಡಿದುಕೊಡಬಹುದು, ನಿಜ. ಆದರೆ ತೋಟ ಇರುವುದು ಪೀಣ್ಯದಲ್ಲಲ್ಲ. ಗೇರ್ ಅಪರೂಪಕ್ಕೆ ಕೆಡುತ್ತದೆ, ಕೆಟ್ಟರೆ ತಿಂಗಳು ನಿಲ್ಲಿಸುತ್ತದೆ. ಬೆಲ್ಟ್ ಸವೆಯುವುದು ಖಚಿತ, ಆದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ. ಆ ಮಂಡಿಗೆ, ಆ ಇಳಿಜಾರಿಗೆ, ಆ ಪೇಟೆಗೆ ಬೆಲ್ಟೇ ಸರಿ ಎಂದು ನಾನೇ ಹೇಳಿದೆ. ಭಾವ ನಕ್ಕು, "ಗೇರಿನವನ ಬಾಯಲ್ಲಿ ಈ ಮಾತಾ?" ಎಂದರು. ಗಟ್ಟಿ ಮಂಡಿಯ ಮೂವತ್ತರ ಹುಡುಗನಾಗಿದ್ದರೆ, ಕೈಯಲ್ಲಿ ಹಣವೂ ಕಮ್ಮಿ ಇದ್ದರೆ, ಗೇರಿನ ಚಿಕ್ಕ ಗಾಡಿಯನ್ನೇ ಹೇಳುತ್ತಿದ್ದೆ. ದೊಡ್ಡ ಎಟಿವಿ ಹೊಸದಕ್ಕೆ ಚಿಕ್ಕ ಕಾರಿನ ಬೆಲೆ. ಅಷ್ಟು ಕೊಟ್ಟರೂ ಸಾಮಾನ್ಯವಾಗಿ ಅದನ್ನು ರಸ್ತೆಗೆ ತರುವಂತಿಲ್ಲ, ಸ್ವಂತ ಜಮೀನಿನಲ್ಲೇ ಓಡಿಸಬೇಕು.

ಮಗನ ಕಥೆ ಹೇಳದೆ ಮುಗಿಸಿದರೆ ಅವನು ಮುನಿಸಿಕೊಳ್ಳುತ್ತಾನೆ. "ಗೇರೇ ಇಲ್ವಲ್ಲ, ನಾನೂ ಒಂದು ರೌಂಡ್ ಹೊಡೀತೀನಿ ಮಾವ" ಎಂದು ಭಾವನಿಗೆ ಗಂಟುಬಿದ್ದ. ಭಾವ ಕರಗಿದ್ದರು, ನಾನು ಬಿಡಲಿಲ್ಲ. ಹದಿನಾರು ತುಂಬದವರು ದೊಡ್ಡವರ ಎಟಿವಿ ಓಡಿಸಬಾರದು ಎಂದು ತಯಾರಕರೇ ಗಾಡಿಯ ಮೇಲೆ ಬರೆದಿರುತ್ತಾರೆ. ಕಾರಣವಿದೆ. ತಿರುವಿನಲ್ಲಿ ಒಳಬದಿಗೂ, ಏರಿನಲ್ಲಿ ಮುಂದಕ್ಕೂ ಸವಾರ ತನ್ನ ಮೈಭಾರವನ್ನು ಸರಿಸಿದರೆ ಮಾತ್ರ ಈ ಗಾಡಿ ಮಗುಚದೆ ನಿಲ್ಲುತ್ತದೆ. ಉದ್ದ ಸೀಟು ಇರುವುದು ಹಾಗೆ ಸರಿಯಲಿಕ್ಕೆ, ಹಿಂದೆ ಇನ್ನೊಬ್ಬರನ್ನು ಕೂರಿಸಲಿಕ್ಕಲ್ಲ. ಮುನ್ನೂರು ಕೆ.ಜಿ. ತೂಗುವ ಗಾಡಿಯ ಮೇಲೆ ನಲವತ್ತೆರಡು ಕೆ.ಜಿ.ಯ ಹುಡುಗ ಎಷ್ಟು ವಾಲಿದರೂ ಅದಕ್ಕೆ ಲೆಕ್ಕವಿಲ್ಲ. ಗೇರ್ ಇಲ್ಲದಿರುವುದು ಓಡಿಸುವುದನ್ನು ಸುಲಭ ಮಾಡುತ್ತದೆ, ಬೀಳುವುದನ್ನು ತಡೆಯುವುದಿಲ್ಲ. ಅವನು ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಭಾವನ ಜೊತೆ ಕೂತು ಸ್ಪ್ಯಾನರ್ ಹಿಡಿದು ಬೆಲ್ಟ್ ಕವರ್ ಬಿಚ್ಚುವುದನ್ನು ಕಲಿತ.

ಮೇ ಕೊನೆಗೆ ಹೊಸ ಗಾಡಿ ಬಂತು. ಇಂಜಿನ್ ಬ್ರೇಕಿಂಗ್, ಲೋ ಎರಡೂ ಇರುವಂಥದ್ದು. ಗಾಡಿಯ ಜೊತೆಯಲ್ಲೇ ಒಂದು ಸ್ಪೇರ್ ಬೆಲ್ಟ್ ಕೊಳ್ಳಿಸಿದೆ. ಭಾವ ಅದನ್ನು ಕೊಟ್ಟಿಗೆಯ ಗೋಡೆಯ ಮೊಳೆಗೆ ನೇತುಹಾಕಿದರು.

ಜುಲೈನಲ್ಲಿ ಅವರೇ ಫೋನ್ ಮಾಡಿದರು. ಹಿಂದೆ ಮಳೆ ಸುರಿಯುವ ಸದ್ದು. ಹಳ್ಳ ದಾಟುವಾಗ ನೀರು ಕವರಿನೊಳಕ್ಕೆ ಹೋಗಿ ಬೆಲ್ಟ್ ಜಾರಿತಂತೆ, ಇಂಜಿನ್ ಕೂಗುತ್ತದೆ, ಗಾಡಿ ಕದಲುವುದಿಲ್ಲ. ಹುಡುಗ ತೋರಿಸಿಕೊಟ್ಟ ಹಾಗೆ ಕವರಿನ ಅಡಿಯ ಬಿರಡೆ ತೆಗೆದರಂತೆ, ಅರ್ಧ ಚೊಂಬು ನೀರು ಬಂತಂತೆ. ನ್ಯೂಟ್ರಲ್‌ನಲ್ಲಿಟ್ಟು ಸ್ವಲ್ಪ ಹೊತ್ತು ಇಂಜಿನ್ ಓಡಿಸಿದ ಮೇಲೆ ಬೆಲ್ಟ್ ಒಣಗಿ ಹಿಡಿದುಕೊಂಡಿತಂತೆ.

"ಮನೆಗೆ ಆರಾಮಾಗಿ ಬಂದೆ. ಅದಲ್ಲ ಈಗ ವಿಷಯ" ಎಂದರು. "ದೀಪಾವಳಿಗೆ ಬರೋವಾಗ ಇನ್ನೊಂದು ಬೆಲ್ಟ್ ತಗೊಂಡು ಬಾ. ಮೊಳೆ ಮೇಲಿದ್ದನ್ನ ಇಲಿ ಕಡಿದಿದೆ. ನಿಮ್ಮಕ್ಕ ಬಿಸ್ಕತ್ತಿನ ಡಬ್ಬ ಒಂದನ್ನ ಖಾಲಿ ಮಾಡಿ ಇಟ್ಟಿದ್ದಾಳೆ."