ತಾಮ್ರವೇನೋ ಸರಿ, ದಪ್ಪ ಎಷ್ಟು?

ಮನೆಗೆ ವೈರಿಂಗ್ ಮಾಡಿಸುವವರು ‘ತಾಮ್ರವೇ ಆಗಬೇಕು’ ಎಂದು ಪಟ್ಟು ಹಿಡಿಯುತ್ತಾರೆ. ಎಷ್ಟು ದಪ್ಪದ ತಾಮ್ರ ಎಂದು ಕೇಳುವವರು ಕಡಿಮೆ. ತೆಳು ತಾಮ್ರಕ್ಕಿಂತ ದಪ್ಪ ಅಲ್ಯೂಮಿನಿಯಂ ವಿದ್ಯುತ್ತನ್ನು ಸಲೀಸಾಗಿ ಸಾಗಿಸಬಲ್ಲದು.

ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ, 100 ಮೀಟರ್ ಉದ್ದದ ತಂತಿ ತೆಗೆದುಕೊಳ್ಳಿ. ಬೆಳ್ಳಿಯದಾದರೆ ಅದರ ರೋಧ ಸುಮಾರು 1.6 ಓಮ್. ತಾಮ್ರಕ್ಕೆ 1.7, ಚಿನ್ನಕ್ಕೆ 2.4, ಅಲ್ಯೂಮಿನಿಯಂಗೆ 2.8, ಕಬ್ಬಿಣಕ್ಕೆ ಹತ್ತರ ಆಸುಪಾಸು. ಇಸ್ತ್ರಿಪೆಟ್ಟಿಗೆಯ ನೈಕ್ರೋಮ್ ನೂರು ದಾಟುತ್ತದೆ. ಕಾಯಲೆಂದೇ ಅದನ್ನು ಹಾಕುವುದು. ಚಿನ್ನ ತಾಮ್ರಕ್ಕೆ ಸೋತಿರುವುದನ್ನು ಗಮನಿಸಿ. ಬೆಳ್ಳಿಯ ತಂತಿ ಯಾರು ಎಳೆಸುತ್ತಾರೆ ಎನ್ನಬೇಡಿ. ಎರಡನೇ ಮಹಾಯುದ್ಧದಲ್ಲಿ ತಾಮ್ರಕ್ಕೆ ಬರ ಬಂದಾಗ ಅಮೆರಿಕವು ಓಕ್ ರಿಡ್ಜ್‌ನ ಯುರೇನಿಯಂ ಯಂತ್ರಗಳ ಅಯಸ್ಕಾಂತ ಸುರುಳಿಗಳಿಗೆ ಸರ್ಕಾರಿ ಖಜಾನೆಯಿಂದ 14,000 ಟನ್‌ಗೂ ಹೆಚ್ಚು ಬೆಳ್ಳಿಯನ್ನು ಕಡ ತಂದಿತ್ತು.

ಇನ್ನು ಅಳತೆ. ಉದ್ದ ಎರಡು ಪಟ್ಟಾದರೆ ರೋಧವೂ ಎರಡು ಪಟ್ಟು. ವ್ಯಾಸ ಎರಡು ಪಟ್ಟಾದರೆ ರೋಧ ಕಾಲು ಭಾಗ. ಅಂಗಡಿಯಲ್ಲಿ ‘ಎರಡೂವರೆ ಎಂಎಂ’ ಎಂದು ಕೊಡುವುದು ವ್ಯಾಸದ ಲೆಕ್ಕವಲ್ಲ, 2.5 ಚದರ ಮಿಲಿಮೀಟರ್.

2,000 ವಾಟ್ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಮೀಟರ್ ಬೋರ್ಡಿನಿಂದ 20 ಮೀಟರ್ ದೂರವೆಂದರೆ ಹೋಗಿಬರುವ ತಂತಿ 40 ಮೀಟರ್. 1 ಚದರ ಮಿಲಿಮೀಟರ್ ತಾಮ್ರ ಹಾಕಿದರೆ 50 ವಾಟ್‌ನಷ್ಟು ಗೋಡೆಯೊಳಗೇ ಶಾಖವಾಗಿ ಹೋಗುತ್ತದೆ. 2.5ರ ತಾಮ್ರದಲ್ಲಿ ಹೋಗುವುದು 20 ವಾಟ್, 2.5ರ ಅಲ್ಯೂಮಿನಿಯಂನಲ್ಲಿ 34. ಅಲ್ಯೂಮಿನಿಯಂ 4ರದ್ದಾದರೆ 2.5ರ ತಾಮ್ರಕ್ಕೆ ಸರಿಸಮ.

ಹಾಗೆ ದಪ್ಪಗೊಳಿಸಿದರೂ ಅಲ್ಯೂಮಿನಿಯಂ ತಂತಿಯ ತೂಕ ಅಷ್ಟೇ ರೋಧದ ತಾಮ್ರದ ಅರ್ಧದಷ್ಟು. ಹೈಟೆನ್ಷನ್ ಟವರ್‌ಗಳ ಮೇಲೆ, ಉಕ್ಕಿನ ಎಳೆಯ ಸುತ್ತ ಅದನ್ನೇ ಹೊಸೆದಿರುವುದು ಇದಕ್ಕೇ. ಮನೆಯೊಳಗೆ ಮಾತ್ರ ನನ್ನ ಮತ ತಾಮ್ರಕ್ಕೆ. ಅಲ್ಯೂಮಿನಿಯಂ ಮೇಲೆ ವಿದ್ಯುತ್ ಹರಿಯದ ಆಕ್ಸೈಡ್ ಪೊರೆ ಕಟ್ಟುತ್ತದೆ, ಸ್ಕ್ರೂ ಅಡಿಯಲ್ಲಿ ತಂತಿ ಕ್ರಮೇಣ ಸಡಿಲವಾಗುತ್ತದೆ, ಜೋಡಣೆ ಬಿಸಿಯೇರುತ್ತದೆ.

ಉದ್ದದ ಪೆಟ್ಟು ಹೆಚ್ಚು ಬೀಳುವುದು ತೋಟದ ಪಂಪ್‌ಸೆಟ್ಟಿಗೆ. ಟಿಸಿ (ಟ್ರಾನ್ಸ್‌ಫಾರ್ಮರ್) ದೂರದಲ್ಲಿ, ಮೋಟಾರ್ ನೂರಾರು ಅಡಿ ಆಳದಲ್ಲಿ. ತೆಳು ಕೇಬಲ್ಲಿನಲ್ಲಿ ವೋಲ್ಟೇಜ್ ಇಳಿಯುತ್ತದೆ. ಅಷ್ಟೇ ನೀರೆತ್ತಲು ಮೋಟಾರ್ ಹೆಚ್ಚು ಕರೆಂಟ್ ಎಳೆದು ಕಾಯಿಲ್ ಸುಡುತ್ತದೆ. ಕೇಬಲ್ ಕೊಳ್ಳುವಾಗ ಮೋಟಾರಿನ ಎಚ್‌ಪಿ ಒಂದನ್ನೇ ಹೇಳಬೇಡಿ, ಟಿಸಿಯಿಂದ ಬೋರ್‌ವೆಲ್ ತಳದವರೆಗಿನ ಉದ್ದವನ್ನೂ ಹೇಳಿ.