ಅಮ್ಮನಿಗೆ ಕಷ್ಟ ಆಗಿದ್ದು ಆ್ಯಪ್ ಅಲ್ಲ, ಟೈಮ್

ಇವತ್ತು ಮೊದಲಿಗೆ ಒಂದು ತಪ್ಪೊಪ್ಪಿಗೆ. ನಮ್ಮಮ್ಮ ಹೈಸ್ಕೂಲ್ ವಿಜ್ಞಾನ ಟೀಚರ್. 2020ರಲ್ಲಿ ಶಾಲೆ ಮುಚ್ಚಿ ಆನ್‌ಲೈನ್ ಕ್ಲಾಸ್ ಶುರುವಾದಾಗ ಅವರು ತುಂಬಾ ಒದ್ದಾಡಿದ್ರು. "ಅಮ್ಮಾ, ನಿಂಗೆ ಇದೆಲ್ಲ ಬರಲ್ಲ ಬಿಡು" ಅಂತ ನಾನು ನಗ್ತಿದ್ದೆ. ನನ್ನ ಲೆಕ್ಕ ತಪ್ಪಾಗಿತ್ತು. ಯಾಕೆ ಅಂತ ಹೇಳ್ತೀನಿ, ಕೇಳಿ.

ಹೊಸ ತಂತ್ರಜ್ಞಾನವನ್ನು ಜನ ಯಾಕೆ ಒಪ್ಕೋತಾರೆ? 1989ರಲ್ಲಿ ಅಮೆರಿಕದ ಸಂಶೋಧಕ ಫ್ರೆಡ್ ಡೇವಿಸ್ ಎರಡು ಮುಖ್ಯ ಕಾರಣ ಗುರುತಿಸಿದ್ರು. ಒಂದು, ಇದರಿಂದ ನನ್ನ ಕೆಲಸಕ್ಕೆ ಉಪಯೋಗ ಇದೆ ಅನ್ನಿಸಬೇಕು. ಎರಡು, ಬಳಸೋದು ಸುಲಭ ಅನ್ನಿಸಬೇಕು.

ಕೇಂದ್ರ ಸರ್ಕಾರದ ದೀಕ್ಷಾ ವೇದಿಕೆಯನ್ನೇ ತಗೊಳ್ಳಿ. 2017ರಲ್ಲೇ ಬಂದಿತ್ತು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಆ ಪಾಠದ ಸಾಮಗ್ರಿ ತೆರೆದುಕೊಳ್ಳುತ್ತೆ. ಲ್ಯಾಬ್‌ನಲ್ಲಿ ಸಾಮಾನು ಇಲ್ಲದಿದ್ರೂ ವಿಡಿಯೊದಲ್ಲಿ ಪ್ರಯೋಗ ತೋರಿಸಬಹುದು. ಉಪಯೋಗ ಇದೆ, ಸ್ಕ್ಯಾನ್ ಮಾಡೋದೂ ಸುಲಭ. ಮತ್ತೆ ತೊಡಕು ಎಲ್ಲಿ?

ಸ್ಕ್ಯಾನ್ ಆದಮೇಲಿನ ಕೆಲಸದಲ್ಲಿ. ಪಾಠಕ್ಕೆ ಹೊಂದೋ ವಿಡಿಯೊ ಆರಿಸಬೇಕು, ಮೊದಲೇ ಪೂರ್ತಿ ನೋಡಬೇಕು, ಎಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಬೇಕು ಅಂತ ಯೋಚಿಸಬೇಕು. ಅದಕ್ಕೆ ಯಾರೂ ಕರೆಯದ ಒಂದು ಗಂಟೆ ಬೇಕು. ಅಮ್ಮನಿಗೆ ಆ ಗಂಟೆ ಸಿಗ್ತಿದ್ದಿದ್ದು ಅಡುಗೆ, ಪಾತ್ರೆ ಎಲ್ಲಾ ಮುಗಿದು, ರಾತ್ರಿ ಹತ್ತೂವರೆ ಮೇಲೆ. ಪಾತ್ರೆ ತೊಳೆಯೋಕೆ ನಾನೂ ಎದ್ದಿರಲಿಲ್ಲ.

ಇದು ನಮ್ಮನೆ ಕಥೆ ಮಾತ್ರ ಅಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೇ ಕೊಡ್ತಿದ್ರು. ಗಂಡಸರು 97 ನಿಮಿಷ. ಇಬ್ಬರಿಗೂ ಒಂದೇ ಟ್ರೇನಿಂಗ್ ಕೊಟ್ರೂ, ಮನೇಲಿ ಕೂತು ಅಭ್ಯಾಸ ಮಾಡೋಕೆ ಒಂದೇ ಸಮಯ ಸಿಗಲ್ಲ.

2021ರ ಜನವರಿಯಲ್ಲಿ ಹತ್ತನೇ ತರಗತಿ ಮತ್ತೆ ಶುರುವಾಯ್ತು. ಆಗ ಗಣಿತದ ಮೇಡಂ ಒಬ್ಬರು ಖಾಲಿ ಪೀರಿಯಡ್‌ಗಳಲ್ಲಿ ಅಮ್ಮನ ಪಕ್ಕ ಕೂತು ಹೇಳಿಕೊಟ್ರು. ಫೋನ್ ಮಾತ್ರ ಅಮ್ಮನ ಕೈಯಲ್ಲೇ ಇತ್ತು. ವಿಡಿಯೊ ಡೌನ್‌ಲೋಡ್ ಮಾಡಿಟ್ಟುಕೊಂಡ್ರೆ ನೆಟ್‌ವರ್ಕ್ ಇಲ್ಲದ ಕ್ಲಾಸ್‌ನಲ್ಲೂ ತೋರಿಸಬಹುದು ಅಂತ ಗೊತ್ತಾಗಿದ್ದು ಅಲ್ಲೇ. ಈಗ ಅವರೇ ಬೇರೆಯವರಿಗೆ ಹೇಳಿಕೊಡ್ತಾರೆ.

ನಿಮ್ಮನೇಲೂ ಟೀಚರ್ ಇದ್ದಾರಾ? ಹಾಗಾದ್ರೆ "ಕೊಡಿಲ್ಲಿ, ನಾನೇ ಮಾಡ್ತೀನಿ" ಅಂತ ಫೋನ್ ಕಿತ್ಕೋಬೇಡಿ. ಫೋನ್ ಅವರ ಹತ್ರಾನೇ ಇರಲಿ, ಪಾತ್ರೆ ನೀವು ತೊಳೀರಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.